ಹೊಸ ಫೋಟೋಶಾಪ್ ಬಂತು, ಹಳೇ ಪ್ಲಗಿನ್ ಎಲ್ಲಿ ಹೋಯ್ತು?

ಪ್ರಶ್ನೆ: ಆನೇಕಲ್‌ನಲ್ಲಿ ನಮ್ಮದು ಅಪ್ಪನ ಕಾಲದ ಸ್ಟುಡಿಯೊ. ಮದುವೆ, ನಾಮಕರಣ, ಕರಗ, ಹುಸ್ಕೂರು ಜಾತ್ರೆ ಎಲ್ಲಕ್ಕೂ ಹೋಗುತ್ತೇವೆ. ಮೊನ್ನೆ ಅಪ್‌ಡೇಟ್ ಬಟನ್ ಕಾಣಿಸಿತು, ಒತ್ತಿಬಿಟ್ಟೆ. ಹೊಸ ಫೋಟೋಶಾಪ್ ಚೆನ್ನಾಗಿಯೇ ಓಪನ್ ಆಯಿತು. ಆದರೆ ಫಿಲ್ಟರ್ ಮೆನುವಿನ ಕೊನೆಯಲ್ಲಿದ್ದ ಸ್ಕಿನ್ ಪ್ಲಗಿನ್ನೂ ಇಲ್ಲ, ಕಲರ್ ಪ್ಲಗಿನ್ನೂ ಇಲ್ಲ. ಕೆಲಸದ ಹುಡುಗ ಹಳೇ ಫೋಲ್ಡರ್ ಹುಡುಕಿ ಎರಡನ್ನೂ ಕಾಪಿ ಮಾಡಿ ಹೊಸದರಲ್ಲಿ ಹಾಕಿದ. ಒಂದು ಬಂತು, ಆದರೆ ಲೈಸೆನ್ಸ್ ಕೀ ಕೇಳುತ್ತಿದೆ. ಇನ್ನೊಂದು ಬರಲೇ ಇಲ್ಲ. ಭಾನುವಾರದೊಳಗೆ ಕರಿಜ್ಮಾ ಆಲ್ಬಂ ಲ್ಯಾಬ್‌ಗೆ ಹೋಗಬೇಕು. ಏನು ಮಾಡಲಿ ಸರ್?
— ಸ್ಟುಡಿಯೊ ಮಾಲೀಕರು, ಆನೇಕಲ್

ಉತ್ತರ: ಮೊದಲು ಆಲ್ಬಂ, ಆಮೇಲೆ ಪ್ಲಗಿನ್. ಕ್ರಿಯೇಟಿವ್ ಕ್ಲೌಡ್ ಆ್ಯಪ್ ತೆರೆಯಿರಿ. ಫೋಟೋಶಾಪ್ ಪಕ್ಕದ ಮೂರು ಚುಕ್ಕಿ ಒತ್ತಿದರೆ ‘ಅದರ್ ವರ್ಷನ್ಸ್’ ಸಿಗುತ್ತದೆ. ಅಲ್ಲಿಂದ ಹಿಂದಿನ ಆವೃತ್ತಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಿ. ಹಳತು, ಹೊಸತು ಎರಡೂ ಒಂದೇ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಇರುತ್ತವೆ. ನಿಮ್ಮ ಹುಡುಗ ಕಟ್ ಮಾಡದೆ ಕಾಪಿ ಮಾಡಿದ್ದು ಒಳ್ಳೆಯದಾಯಿತು. ಹಳೇ ಫೋಲ್ಡರ್ ಅಳಿಸಿ ಹೋಗಿಲ್ಲದಿದ್ದರೆ ಪ್ಲಗಿನ್‌ಗಳೂ ಸಾಮಾನ್ಯವಾಗಿ ಇದ್ದ ಜಾಗದಲ್ಲೇ ಸಿಗುತ್ತವೆ. ಭಾನುವಾರದ ಕೆಲಸ ಅದರಲ್ಲೇ ಮುಗಿಸಿ.

ಈಗ ಕಾರಣ ಹೇಳುತ್ತೇನೆ. ಪ್ರತಿ ವರ್ಷದ ದೊಡ್ಡ ಆವೃತ್ತಿ ಹಳೆಯದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ತನ್ನದೇ ಫೋಲ್ಡರ್ ಮಾಡಿಕೊಳ್ಳುತ್ತದೆ. ನಿಮ್ಮ ಪ್ಲಗಿನ್ ಕೂತಿರುವುದು ಹಳೇ ವರ್ಷದ ಹೆಸರಿರುವ ಫೋಲ್ಡರಿನ ಒಳಗಿನ ‘ಪ್ಲಗ್-ಇನ್ಸ್’ನಲ್ಲಿ. ಹೊಸ ಫೋಟೋಶಾಪ್ ಅತ್ತ ತಿರುಗಿಯೂ ನೋಡುವುದಿಲ್ಲ. ಅದು ನೋಡುವುದು ಮುಖ್ಯವಾಗಿ ಎರಡು ಕಡೆ: ತನ್ನ ಸ್ವಂತ ‘ಪ್ಲಗ್-ಇನ್ಸ್’ ಫೋಲ್ಡರ್, ಮತ್ತು ಪ್ರೋಗ್ರಾಂ ಫೈಲ್ಸ್‌ನಲ್ಲಿ ಕಾಮನ್ ಫೈಲ್ಸ್, ಅಡೋಬಿ, ಪ್ಲಗ್-ಇನ್ಸ್, ಸಿಸಿ ಎಂದು ಒಂದರೊಳಗೊಂದು ಇಳಿದರೆ ಸಿಗುವ ಎಲ್ಲ ಆವೃತ್ತಿಗಳಿಗೂ ಸೇರಿದ ಫೋಲ್ಡರ್. ಈ ಎರಡನೆಯ ಜಾಗದಲ್ಲಿ ಕೂತ ಪ್ಲಗಿನ್ ಮುಂದಿನ ಅಪ್‌ಗ್ರೇಡ್‌ನಲ್ಲಿ ಕಳೆದುಹೋಗುವುದಿಲ್ಲ. ಅಪ್‌ಗ್ರೇಡ್ ಮಾಡುವಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಎರಡು ಟಿಕ್ ಇರುತ್ತವೆ, ಹಳೇ ಸೆಟ್ಟಿಂಗ್ ತರುವುದಕ್ಕೊಂದು, ಹಳೇ ಆವೃತ್ತಿ ತೆಗೆಯುವುದಕ್ಕೊಂದು. ಮೊದಲನೆಯದನ್ನು ಇಟ್ಟುಕೊಳ್ಳಿ, ಎರಡನೆಯದನ್ನು ತೆಗೆಯಿರಿ. ಸೆಟ್ಟಿಂಗ್ ಎಂದರೆ ನಿಮ್ಮ ಪ್ರಿಫರೆನ್ಸ್ ಅಷ್ಟೇ. ಬೇರೆ ಕಂಪನಿಯ ಪ್ಲಗಿನ್ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಕಾಪಿ ಮಾಡಿದ್ದರಲ್ಲಿ ಒಂದು ಬಂದು, ಇನ್ನೊಂದು ಏಕೆ ಬರಲಿಲ್ಲ? ಪ್ಲಗಿನ್ ಎಂದರೆ ಯಾವಾಗಲೂ ಬರೀ ಒಂದು ಫೈಲ್ ಅಲ್ಲ. ಚಿಕ್ಕಪುಟ್ಟವು ನಿಜಕ್ಕೂ ಒಂದೇ ಫೈಲು, ಕಾಪಿ ಮಾಡಿದರೆ ಸಾಕು. ದೊಡ್ಡವು ತಮ್ಮ ಲೈಸೆನ್ಸನ್ನೂ ಪೂರಕ ಫೈಲುಗಳನ್ನೂ ವಿಂಡೋಸ್‌ನಲ್ಲಿ ಬೇರೆ ಬೇರೆ ಕಡೆ ಇಟ್ಟಿರುತ್ತವೆ. ಮನೆ ಬದಲಿಸುವಾಗ ಸಾಮಾನೆಲ್ಲ ಟೆಂಪೊದಲ್ಲಿ ಬರುತ್ತದೆ, ಗ್ಯಾಸ್ ಕನೆಕ್ಷನ್ ಬರುತ್ತದೆಯೇ? ಅದನ್ನು ವರ್ಗ ಮಾಡಿಸಲೇಬೇಕು. ಹಾಗೆಯೇ ಇದನ್ನೂ ತಯಾರಕರ ಸೈಟಿನಿಂದ ಇನ್‌ಸ್ಟಾಲರ್ ಇಳಿಸಿಕೊಂಡು, ಫೋಟೋಶಾಪ್ ಮುಚ್ಚಿ, ಹೊಸದಾಗಿ ಹಾಕಿ, ನಿಮ್ಮ ಕೀ ಕೊಡಿ. ಕೀ ಕೊಂಡಾಗ ಬಂದ ಇಮೇಲ್‌ನಲ್ಲಿರುತ್ತದೆ. ಸ್ನೇಹಿತರು ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದಾಗಿದ್ದರೆ ಇಮೇಲೂ ಇಲ್ಲ, ಕೀಯೂ ಇಲ್ಲ, ನನ್ನಲ್ಲೂ ಉತ್ತರವಿಲ್ಲ. ಕ್ರ್ಯಾಕ್ ಫೈಲ್ ನಂಬಿ ಗಿರಾಕಿಗಳ ಮದುವೆ ಫೋಟೊ ಇರುವ ಕಂಪ್ಯೂಟರನ್ನು ಅಪಾಯಕ್ಕೆ ಒಡ್ಡಬೇಡಿ.

ಹಾಕಿದ ಮೇಲೂ ಕಾಣದಿದ್ದರೆ ಹೆಲ್ಪ್ ಮೆನುವಿನಲ್ಲಿ ‘ಸಿಸ್ಟಂ ಇನ್ಫೋ’ ತೆರೆದು ತೀರ ಕೆಳಗೆ ಹೋಗಿ. ಲೋಡ್ ಆದ ಪ್ಲಗಿನ್‌ಗಳ ಪಟ್ಟಿಯ ಜೊತೆಗೆ ಲೋಡ್ ಆಗದವುಗಳ ಪಟ್ಟಿಯೂ ಅಲ್ಲಿರುತ್ತದೆ. ನಿಮ್ಮದು ಎರಡರಲ್ಲೂ ಇಲ್ಲವೆಂದರೆ ಕೂತ ಜಾಗ ತಪ್ಪು. ಎರಡನೆಯದರಲ್ಲಿದ್ದರೆ ಜಾಗ ಸರಿ, ಹೆಚ್ಚಾಗಿ ಆವೃತ್ತಿ ತಪ್ಪು. ಇನ್ನು ಹೆಸರು ಕಂಡರೂ ಮಸುಕಾಗಿದ್ದರೆ ಪ್ಲಗಿನ್ ಕೆಟ್ಟಿಲ್ಲ. ಫೋಟೊ ಸಿಎಂವೈಕೆಯಲ್ಲಿದೆಯೇ ನೋಡಿ, ಬಹಳಷ್ಟು ಫಿಲ್ಟರ್‌ಗಳು ಆರ್‌ಜಿಬಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ.

ಕೊನೆಗೊಂದು ಮಾತು. ಫೋಟೋಶಾಪ್‌ನ ದೊಡ್ಡ ಆವೃತ್ತಿ ಹೆಚ್ಚಾಗಿ ಅಕ್ಟೋಬರ್ ಆಸುಪಾಸಿನಲ್ಲಿ ಬರುತ್ತದೆ. ನಮ್ಮಲ್ಲಿ ಆಗ ದಸರೆ, ದೀಪಾವಳಿ, ಬೆನ್ನಿಗೇ ಕಾರ್ತಿಕದ ಮದುವೆಗಳು. ಅಡೋಬಿಯವರು ಪಂಚಾಂಗ ನೋಡಿ ಬಿಡುಗಡೆ ಮಾಡುವುದಿಲ್ಲ, ನಾವಾದರೂ ನೋಡಬೇಕು. ಆಟೊ ಅಪ್‌ಡೇಟ್ ಆಫ್ ಮಾಡಿ ಧನುರ್ಮಾಸದವರೆಗೆ ಕಾಯಿರಿ. ಅದು ತಪ್ಪಿದರೆ ಆಷಾಢ ಇದ್ದೇ ಇದೆ. ಅಷ್ಟರಲ್ಲಿ ಪ್ಲಗಿನ್ ಕಂಪನಿಗಳೂ ತಮ್ಮ ಹೊಸ ಆವೃತ್ತಿ ತಂದಿರುತ್ತವೆ.

ಪ್ರಶ್ನೆ: ಫೋಟೋಶಾಪ್ 7.0 ಕಾಲದಲ್ಲಿ ಎಸ್.ಪಿ. ರೋಡಿನಿಂದ ತಂದ ಸಿಡಿಯ ಫ್ರೇಮ್, ಮಂಜು, ಬೆಳಕಿನ ಫಿಲ್ಟರ್‌ಗಳು ನನ್ನ ಹತ್ತಿರ ಇನ್ನೂ ಇವೆ. ಮಗ ಹೊಸ ಕಂಪ್ಯೂಟರ್ ಕೊಡಿಸಿದ, ಅದರಲ್ಲಿ ಒಂದೂ ಬರುತ್ತಿಲ್ಲ. ಗೂಗಲ್‌ನವರು ಫ್ರೀ ಕೊಟ್ಟ ನಿಕ್ ಪ್ಲಗಿನ್ ಕೂಡ ಆಗಾಗ ಕೈಕೊಡುತ್ತದೆ.
— ಹಿರಿಯ ಫೋಟೋಗ್ರಾಫರ್, ಸರ್ಜಾಪುರ

ಉತ್ತರ: ಆ ಸಿಡಿಯವು 32 ಬಿಟ್ ಫಿಲ್ಟರ್‌ಗಳು. ವಿಂಡೋಸ್‌ನಲ್ಲಿ 2008ರ ಸಿಎಸ್4ನಿಂದ 64 ಬಿಟ್ ಫೋಟೋಶಾಪ್ ಶುರುವಾಯಿತು. ಹತ್ತು ವರ್ಷ ಎರಡೂ ಜೊತೆಗಿದ್ದವು. 2018ರ ಅಕ್ಟೋಬರಿನಲ್ಲಿ ಬಂದ 20ನೇ ಆವೃತ್ತಿಯಿಂದ 32 ಬಿಟ್ ನಿಂತೇಹೋಯಿತು. 64 ಬಿಟ್ ಪ್ರೋಗ್ರಾಂ 32 ಬಿಟ್ ಫಿಲ್ಟರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಫೋಲ್ಡರ್ ಎಷ್ಟು ಬದಲಿಸಿದರೂ ಅಷ್ಟೇ. ತಯಾರಕರು 64 ಬಿಟ್ ಆವೃತ್ತಿ ತಂದಿದ್ದರೆ ಅದನ್ನು ಹಾಕಿ. ಇಲ್ಲವಾದರೆ ಹಳೇ ಕಂಪ್ಯೂಟರನ್ನು ಗುಜರಿಗೆ ಕೊಡಬೇಡಿ, ಇಂಟರ್‌ನೆಟ್ ಕೇಬಲ್ ಕಿತ್ತು ಆ ಫಿಲ್ಟರ್‌ಗಳಿಗೇ ಮೀಸಲಿಡಿ. ನನ್ನ ಅಭಿಪ್ರಾಯ ಕೇಳಿದರೆ, ಆ ಮಂಜನ್ನು ಇವತ್ತು ಎರಡು ಲೇಯರ್‌ನಲ್ಲಿ ಮಾಡಿ ಆ್ಯಕ್ಷನ್ ಆಗಿ ಉಳಿಸಿಕೊಳ್ಳಬಹುದು.

ನಿಕ್ ಕಥೆ ಬೇರೆ. ಗೂಗಲ್ 2012ರಲ್ಲಿ ಆ ಕಂಪನಿಯನ್ನು ಕೊಂಡು, 2016ರ ಮಾರ್ಚ್‌ನಲ್ಲಿ ಪ್ಲಗಿನ್‌ಗಳನ್ನು ಉಚಿತ ಮಾಡಿ, 2017ರಲ್ಲಿ ಫ್ರಾನ್ಸಿನ ಡಿಎಕ್ಸ್‌ಒಗೆ ಮಾರಿತು. ನಿಮ್ಮಲ್ಲಿರುವುದು ಅಪ್ಪಅಮ್ಮ ಇಲ್ಲದ ಆವೃತ್ತಿ. ಹೊಸದಕ್ಕೆ ದುಡ್ಡು ಕೊಡಬೇಕು. ಟ್ರಯಲ್ ಹಾಕಿ ನೋಡಿ, ದಿನಾ ಬಳಸುವವರಾದರೆ ಕೊಳ್ಳಿ.

ಪ್ರಶ್ನೆ: ವಾರವೆಲ್ಲ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡಿಂಗ್, ವಾರಾಂತ್ಯಕ್ಕೆ ಕ್ಯಾಂಡಿಡ್ ಫೋಟೋಗ್ರಫಿ. ಇಂಟೆಲ್ ಮ್ಯಾಕ್‌ಬುಕ್‌ನಿಂದ ಎಂ ಚಿಪ್‌ನದಕ್ಕೆ ಎಲ್ಲವನ್ನೂ ವರ್ಗಾಯಿಸಿದೆ. ಫೈಲ್ ಸರಿಯಾದ ಜಾಗದಲ್ಲೇ ಇದ್ದರೂ ಪ್ಲಗಿನ್ ಕಾಣುತ್ತಿಲ್ಲ.
— ಬೊಮ್ಮಸಂದ್ರ

ಉತ್ತರ: 2021ರ ಮಾರ್ಚ್‌ನಿಂದ ಫೋಟೋಶಾಪ್ ಆ ಚಿಪ್‌ನಲ್ಲಿ ನೇರವಾಗಿ ಓಡುತ್ತದೆ. ಹಾಗೆ ನೇರವಾಗಿ ಓಡುವಾಗ ಇಂಟೆಲ್‌ಗೆ ಬರೆದ ಪ್ಲಗಿನ್ ಓಡುವುದಿಲ್ಲ. ಅಪ್ಲಿಕೇಷನ್ಸ್‌ನಲ್ಲಿ ಫೋಟೋಶಾಪ್ ಆರಿಸಿ, ‘ಗೆಟ್ ಇನ್ಫೋ’ದಲ್ಲಿ ‘ಓಪನ್ ಯೂಸಿಂಗ್ ರೊಸೆಟ್ಟಾ’ ಟಿಕ್ ಮಾಡಿ ನೋಡಿ. ಬಂದರೆ ರೋಗ ಗೊತ್ತಾಯಿತು. ಹಾಗೆಂದು ಅಲ್ಲೇ ಇರಬೇಡಿ, ಇಡೀ ಫೋಟೋಶಾಪ್ ನಿಧಾನವಾಗುತ್ತದೆ. ಪ್ಲಗಿನ್‌ನ ಹೊಸ ಆವೃತ್ತಿ ಹಾಕಿ ಆ ಟಿಕ್ ತೆಗೆಯಿರಿ.

ಪ್ರಶ್ನೆ: ಸರ್, ಅಪ್‌ಗ್ರೇಡ್ ಜೊತೆಗೆ ಕಂಪ್ಯೂಟರೂ ಬದಲಾಯಿತು. ಆಲ್ಬಂ ಕವರಿನ ಮೇಲಿನ ಕನ್ನಡ ಹೆಸರುಗಳೆಲ್ಲ ಕೆಟ್ಟುಹೋಗಿವೆ. ಪ್ಲಗಿನ್ ಏನಾದರೂ ಬೇಕಾ?
— ಆಲ್ಬಂ ಡಿಸೈನರ್, ಅತ್ತಿಬೆಲೆ

ಉತ್ತರ: ಪ್ಲಗಿನ್ ಬೇಡಮ್ಮ. ಹೇಗೆ ಕೆಟ್ಟಿದೆ ಎಂದು ನೋಡಿ. ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫಾಂಟ್ ಹೊಸ ಕಂಪ್ಯೂಟರಿನಲ್ಲಿಲ್ಲ. ಫಾಂಟ್ ಇರುವುದು ವಿಂಡೋಸ್‌ನಲ್ಲಿ, ಫೋಟೋಶಾಪಿನಲ್ಲಲ್ಲ. ಹಳೇ ಕಂಪ್ಯೂಟರಿನಿಂದ ತಂದು ಹಾಕಿ. ಅಕ್ಷರ ಕನ್ನಡವೇ ಇದ್ದು, ಪದ್ಮ ಎಂಬುದು ‘ಪದ್‌ಮ’ ಎಂದು ಒತ್ತು ಕೆಳಗಿಳಿಯದೆ ನಿಂತಿದ್ದರೆ ಅದು ಯೂನಿಕೋಡ್. ಟೆಕ್ಸ್ಟ್ ಲೇಯರ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಒತ್ತಿ, ಒತ್ತಕ್ಷರ ತಾನಾಗಿ ಕೂರುತ್ತದೆ. ಲ್ಯಾಬ್‌ಗೆ ಜೆಪೆಗ್ ಕಳಿಸಿದರೆ ಚಿಂತೆಯಿಲ್ಲ. ಪಿಎಸ್‌ಡಿ ಕಳಿಸುವುದಾದರೆ ಒಂದು ಪ್ರತಿ ತೆಗೆದಿಟ್ಟು, ಕಳಿಸುವ ಪ್ರತಿಯಲ್ಲಿ ಟೆಕ್ಸ್ಟ್ ಲೇಯರನ್ನು ರಾಸ್ಟರೈಸ್ ಮಾಡಿ.