ಉಪಾಹಾರ ಗೃಹದಲ್ಲಿ ಸ್ನೇಹಿತನ ಮಾತು ಏಕೆ ಕೇಳಿಸದು?

ಆದಿತ್ಯವಾರದ ಬೆಳಗ್ಗೆ ಸ್ನೇಹಿತರೊಡನೆ ಉಪಾಹಾರ ಗೃಹಕ್ಕೆ ಹೋಗಿ ದೋಸೆ ತಿಂದು ಕಾಫಿ ಕುಡಿಯುವುದು ಬೆಂಗಳೂರಿನವರಿಗೆ ಹೊಸದಲ್ಲ. 1924ರಲ್ಲಿ ಪ್ರಾರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನ ಇವುಗಳ ಮುಂದೆ ರಜಾದಿನಗಳಲ್ಲಿ ಜನ ಕಾದು ನಿಲ್ಲುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬರಿಯ ಹಸಿವೆಯಾಗಿದ್ದರೆ ಅದನ್ನು ಮನೆಯಲ್ಲಿಯೇ ತೀರಿಸಿಕೊಳ್ಳಬಹುದಾಗಿತ್ತು. ಜನ ಅಲ್ಲಿಗೆ ಹೋಗುವುದು ಮಾತಿಗಾಗಿ. ವಾರವೆಲ್ಲ ಬೇರೆ ಬೇರೆ ಕಡೆ ದುಡಿಯುವ ಗೆಳೆಯರು ಒಂದು ಮೇಜಿನ ಸುತ್ತ ಕುಳಿತು ಸುಖದುಃಖಗಳನ್ನು ಹೇಳಿಕೊಳ್ಳುವ ಸಮಯ ಅದು. ಆದರೆ ಮಾತಿಗಾಗಿ ಹೋದ ಸ್ಥಳದಲ್ಲಿ ಮಾತೇ ಕೇಳಿಸದಿದ್ದರೆ?

ನಾವು ಐವರು ಸ್ನೇಹಿತರು ಹೀಗೆ ಸೇರುವ ಪದ್ಧತಿ ಬಹುಕಾಲದಿಂದಲೂ ಇದೆ. ನಮ್ಮಲ್ಲೊಬ್ಬನು ಯಂತ್ರಾಗಾರದಲ್ಲಿ ಹನ್ನೆರಡು ವರ್ಷ ದುಡಿದವನು. ಅವನ ಶ್ರವಣಶಕ್ತಿ ಸ್ವಲ್ಪ ಕುಂದಿದೆ. ಒಂದು ಆದಿತ್ಯವಾರ, ಹೊಸದಾಗಿ ತೆರೆದ ಒಂದು ಉಪಾಹಾರ ಗೃಹದಲ್ಲಿ, ನಾವು ಅವನನ್ನು “ತಾಯಿ ಹೇಗಿದ್ದಾರೆ?” ಎಂದು ಕೇಳಿದೆವು. ಅವನು ಚಟ್ನಿಯ ಬಟ್ಟಲನ್ನು ತೋರಿಸಿ, “ಕಾಯಿ ಎಲ್ಲಿ ಬಂತು? ಬರಿಯ ಹುರಿಗಡಲೆ!” ಎಂದನು. ಎಲ್ಲರೂ ಗೊಳ್ಳೆಂದು ನಕ್ಕರು, ಅವನೂ ನಕ್ಕನು. ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವನ ತಾಯಿ ಆ ದಿನಗಳಲ್ಲಿ ಹಾಸಿಗೆ ಹಿಡಿದಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು.

ತಪ್ಪು ಅವನ ಕಿವಿಯದೆಂದೇ ನಾವೆಲ್ಲರೂ ಭಾವಿಸಿದ್ದೆವು. ಕಾಲೇಜಿನಲ್ಲಿ ಪ್ರತಿವರ್ಷವೂ ಶಬ್ದಶಾಸ್ತ್ರವನ್ನು ಬೋಧಿಸುವ ನಮಗೆ ಲೆಕ್ಕ ಮಾಡಿ ನೋಡಬೇಕೆಂದು ತೋರಿದ್ದು ತಡವಾಗಿಯೇ. ಆ ಲೆಕ್ಕವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮಾತಿನ ಶಕ್ತಿ

ಮನುಷ್ಯನ ಮಾತಿನಲ್ಲಿರುವ ಶಕ್ತಿ ಅತ್ಯಲ್ಪವಾದುದು. ಸಾಧಾರಣವಾಗಿ ಮಾತನಾಡುವವನ ಬಾಯಿಂದ ಹೊರಡುವ ಶಬ್ದದ ಸಾಮರ್ಥ್ಯ ಒಂದು ವಾಟಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 12 ಭಾಗ ಮಾತ್ರ. 10 ವಾಟಿನ ಒಂದು ದೀಪಕ್ಕೆ ಬೇಕಾಗುವಷ್ಟು ಸಾಮರ್ಥ್ಯವನ್ನು ಮಾತಿನಿಂದಲೇ ಪಡೆಯಬೇಕಾದರೆ ಸುಮಾರು 8 ಲಕ್ಷ ಜನ ಏಕಕಾಲದಲ್ಲಿ ಮಾತನಾಡಬೇಕಾಗುತ್ತದೆ! ಇಷ್ಟು ಅಲ್ಪವಾದ ಶಕ್ತಿಯನ್ನೂ ಗ್ರಹಿಸಬಲ್ಲುದು ನಮ್ಮ ಕಿವಿಯ ವೈಶಿಷ್ಟ್ಯ.

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಳ್ಳೆಯ ಕಿವಿಗೆ ಕೇಳಿಸಬಹುದಾದ ಕನಿಷ್ಠ ಶಬ್ದವನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಶಬ್ದದ ತೀವ್ರತೆ ಹತ್ತು ಪಟ್ಟಾದಾಗ ಮಟ್ಟ 10 ಡೆಸಿಬೆಲ್ ಏರುತ್ತದೆ. ಎರಡು ಪಟ್ಟಾದಾಗ ಸುಮಾರು 3 ಡೆಸಿಬೆಲ್ ಏರುತ್ತದೆ. ಒಂದು ಮೀಟರ್ ದೂರದಲ್ಲಿ ಕುಳಿತ ಗೆಳೆಯನ ಸಾಧಾರಣ ಮಾತು ನಮ್ಮ ಕಿವಿಗೆ ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ದೂರ ಎರಡರಷ್ಟಾದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ದೀಪದಿಂದ ದೂರ ಸರಿದಂತೆ ಪುಸ್ತಕದ ಮೇಲಿನ ಬೆಳಕು ಕುಗ್ಗುವ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

ಗೋಡೆಗಳ ಪಾತ್ರ

ಬಯಲಿನಲ್ಲಿ ಆಡಿದ ಮಾತು ಹೊರಟುಹೋಗುತ್ತದೆ. ಕೊಠಡಿಯಲ್ಲಿ ಆಡಿದ ಮಾತಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಗೋಡೆಗೆ ಬಡಿದು ಮರಳಿ, ಛಾವಣಿಗೆ ಬಡಿದು ಮರಳಿ, ಪ್ರತಿಸಲವೂ ಸ್ವಲ್ಪ ಸ್ವಲ್ಪವೇ ಹೀರಲ್ಪಟ್ಟು ಕೊನೆಗೆ ಅಡಗುತ್ತದೆ. ಮಾತು ನಿಂತಮೇಲೂ ಉಳಿಯುವ ಈ ಮೊಳಗಿಗೆ ಅನುರಣನವೆಂದು ಹೆಸರು. ವಿಜಾಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಗಟ್ಟಿ ಗೋಡೆಗಳು ಶಬ್ದವನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬಲ್ಲವೆಂಬುದರ ಅನುಭವವಿದೆ.

ಈ ವಿಷಯವನ್ನು ಮೊಟ್ಟಮೊದಲು ಶಾಸ್ತ್ರೀಯವಾಗಿ ಪರೀಕ್ಷಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿಯ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರ ಮಾತು ಯಾರಿಗೂ ಅರ್ಥವಾಗದಂತಾಗಿತ್ತು. ಆಡಿದ ಪದ ಐದು ಸೆಕೆಂಡುಗಳಿಗೂ ಹೆಚ್ಚು ಕಾಲ ಮೊಳಗುತ್ತಿದ್ದು, ಮುಂದಿನ ಪದಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತಿದ್ದವು. ಸಬೈನನು ಹತ್ತಿರದ ನಾಟಕಶಾಲೆಯಿಂದ ಮೆತ್ತೆಗಳನ್ನು ತರಿಸಿ, ರಾತ್ರಿಯ ನಿಶ್ಶಬ್ದದಲ್ಲಿ ಅವುಗಳನ್ನು ಒಂದೊಂದಾಗಿ ಸಾಲಾಗಿಟ್ಟು, ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ಅದರ ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಂತೆ ಅನುರಣನ ಕಾಲ ಕಡಮೆಯಾಯಿತು. ಕೊಠಡಿಯ ಗಾತ್ರವನ್ನು ಘನ ಮೀಟರುಗಳಲ್ಲಿ ಅಳೆದು 0.161ರಿಂದ ಗುಣಿಸಿ, ಕೊಠಡಿಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಇದೇ ಸಬೈನನ ಸೂತ್ರ. ಇಲ್ಲಿ ಹೀರಿಕೆಯನ್ನು ತೆರೆದ ಕಿಟಕಿಗೆ ಹೋಲಿಸಿ ಅಳೆಯುತ್ತಾರೆ. ಒಂದು ಚದರ ಮೀಟರ್ ತೆರೆದ ಕಿಟಕಿ ತನ್ನ ಮೇಲೆ ಬಿದ್ದ ಶಬ್ದವನ್ನೆಲ್ಲ ಹೊರಕ್ಕೆ ಬಿಟ್ಟುಬಿಡುವುದರಿಂದ ಅದರ ಹೀರಿಕೆ 1.

ಈಗ ಒಂದು ಉಪಾಹಾರ ಗೃಹವನ್ನು ತೆಗೆದುಕೊಳ್ಳೋಣ. ಉದ್ದ 12 ಮೀಟರ್, ಅಗಲ 8 ಮೀಟರ್, ಎತ್ತರ 4 ಮೀಟರ್ ಇರಲಿ. ಗಾತ್ರ 384 ಘನ ಮೀಟರ್. ಗೋಡೆ, ನೆಲ, ಛಾವಣಿಗಳ ಒಟ್ಟು ವಿಸ್ತೀರ್ಣ 352 ಚದರ ಮೀಟರ್. ಗಾಜು, ಹೊಳಪಿನ ಬಿಲ್ಲೆ, ಗಾರೆ, ಗ್ರಾನೈಟ್ ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಸುಮಾರು 4 ಭಾಗವನ್ನು ಮಾತ್ರ ಹೀರುವುವೆಂದು ಇಟ್ಟುಕೊಂಡರೆ ಬರಿದಾದ ಕೊಠಡಿಯ ಹೀರಿಕೆ ಸುಮಾರು 14. ಆಗ ಅನುರಣನ ಕಾಲ 4 ಸೆಕೆಂಡುಗಳಿಗೂ ಹೆಚ್ಚು. ಜನರ ಮೈಯೂ ಬಟ್ಟೆಯೂ ಶಬ್ದವನ್ನು ಹೀರುತ್ತವೆ. ಒಬ್ಬೊಬ್ಬರಿಗೆ 0.4ರಂತೆ 60 ಜನರಿಗೆ 24 ಸೇರಿಸಿದರೆ ಒಟ್ಟು ಹೀರಿಕೆ 38. ಅನುರಣನ ಕಾಲ ಸುಮಾರು 1.6 ಸೆಕೆಂಡು. ಜನ ತುಂಬಿದ್ದರಿಂದ ಕೊಠಡಿ ಸುಧಾರಿಸಿತು. ಆದರೆ ಆ ಜನರೇ ಮಾತನಾಡುವವರೂ ಆಗಿದ್ದಾರೆ!

ಗದ್ದಲದ ಲೆಕ್ಕ

ಅರವತ್ತು ಜನರಲ್ಲಿ ಮೂವರಿಗೆ ಒಬ್ಬರಂತೆ 20 ಜನ ಒಂದೇ ವೇಳೆಯಲ್ಲಿ ಮಾತನಾಡುತ್ತಿದ್ದಾರೆಂದು ಭಾವಿಸೋಣ. ಅವರ ಧ್ವನಿಗಳೆಲ್ಲ ಗೋಡೆಗಳ ನಡುವೆ ಮರಳಿ ಮರಳಿ ಕೊಠಡಿಯಲ್ಲಿ ಹೆಚ್ಚುಕಡಮೆ ಸಮನಾಗಿ ಹರಡಿಕೊಳ್ಳುತ್ತವೆ. ಎದುರಿನ ಗೆಳೆಯನಿಂದ ನೇರವಾಗಿ ಬರುವ ಧ್ವನಿಗೂ ಈ ಗದ್ದಲಕ್ಕೂ ಇರುವ ಅನುಪಾತವನ್ನು ತಿಳಿಯಲು ಕೊಠಡಿಯ ಹೀರಿಕೆಯನ್ನು 50ರಿಂದಲೂ, ಮಾತನಾಡುವವರ ಸಂಖ್ಯೆಯಿಂದಲೂ, ಮೀಟರುಗಳಲ್ಲಿ ಅಳೆದ ದೂರದ ವರ್ಗದಿಂದಲೂ ಭಾಗಿಸಬೇಕು. ನಮ್ಮ ಕೊಠಡಿಯಲ್ಲಿ ಒಂದು ಮೀಟರ್ ದೂರಕ್ಕೆ ಇದು 1,000ದಲ್ಲಿ 38 ಭಾಗ. ಅಂದರೆ ಗದ್ದಲವು ಗೆಳೆಯನ ಮಾತಿಗಿಂತ ಸುಮಾರು 26 ಪಟ್ಟು! ಡೆಸಿಬೆಲ್‌ಗಳಲ್ಲಿ ಹೇಳುವುದಾದರೆ ಮಾತು 60, ಗದ್ದಲ 74.

ಈ ಲೆಕ್ಕದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಮಾತಿನ ಜೋರು ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಹೀರಿಕೆ, ಮಾತನಾಡುವವರ ಸಂಖ್ಯೆ, ದೂರ ಈ ಮೂರೇ ಅದರಲ್ಲಿವೆ. ನಾವು ಕೂಗಿದರೆ ಪಕ್ಕದ ಮೇಜಿನವರೂ ಕೂಗುತ್ತಾರೆ. ಎಲ್ಲರೂ 6 ಡೆಸಿಬೆಲ್ ಏರಿಸಿದರೆ ಮಾತು 66 ಆಗುತ್ತದೆ, ಗದ್ದಲ 80 ಆಗುತ್ತದೆ. ಅಂತರ ಇದ್ದಷ್ಟೇ ಇರುತ್ತದೆ. ಗಂಟಲು ನೋಯುವುದೊಂದೇ ಲಾಭ.

ಗದ್ದಲದ ನಡುವೆ ಮನುಷ್ಯ ತನಗೆ ತಿಳಿಯದೆಯೇ ಧ್ವನಿಯೇರಿಸುತ್ತಾನೆ. ಇದನ್ನು 1911ರಲ್ಲಿ ಪ್ರಕಟಪಡಿಸಿದವನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್. ಆದುದರಿಂದ ಇದಕ್ಕೆ ಲೊಂಬಾರ್ ಪರಿಣಾಮವೆಂದೇ ಹೆಸರು. 1959ರಲ್ಲಿ ಅಮೆರಿಕದ ಮ್ಯಾಕ್ಲೀನ್ ಎಂಬುವನು ಸಂತೋಷಕೂಟಗಳ ಶಬ್ದವನ್ನು ಕುರಿತು ಲೆಕ್ಕ ಮಾಡಿ, ಅತಿಥಿಗಳ ಸಂಖ್ಯೆ ಒಂದು ಮಿತಿಯನ್ನು ದಾಟಿದರೆ ಶಾಂತವಾಗಿದ್ದ ಕೂಟ ಗದ್ದಲದ ಕೂಟವಾಗಿ ಮಾರ್ಪಡುವುದೆಂದು ತೋರಿಸಿದನು. ಬೆಳಗ್ಗೆ ಏಳು ಗಂಟೆಗೆ ಮೆಲುಮಾತಿನ ಸ್ಥಳವಾಗಿದ್ದ ಉಪಾಹಾರ ಗೃಹ ಒಂಬತ್ತಕ್ಕೆ ಸಂತೆಯಾಗುವುದು ಹೀಗೆ.

ಕಿವಿಯೂ ಮಿದುಳೂ

ಗದ್ದಲ 26 ಪಟ್ಟಿದ್ದರೂ ಜನ ಅಲ್ಲಿ ಮಾತನಾಡಿಕೊಳ್ಳುತ್ತಾರಲ್ಲ, ಅದು ಹೇಗೆ? ಮೊದಲನೆಯದಾಗಿ ಅವರು ಮುಂದಕ್ಕೆ ಬಾಗುತ್ತಾರೆ. ದೂರ ಅರ್ಧವಾದರೆ ಅನುಪಾತ ನಾಲ್ಕು ಪಟ್ಟು ಉತ್ತಮವಾಗುತ್ತದೆ. ಎರಡನೆಯದಾಗಿ ಬಾಯಿಯ ಧ್ವನಿ ಹಿಂದಕ್ಕಿಂತ ಮುಂದಕ್ಕೆ ಹೆಚ್ಚಾಗಿ ಹೋಗುತ್ತದೆ. ಮೂರನೆಯದಾಗಿ ಎರಡು ಕಿವಿಗಳ ನೆರವಿನಿಂದ ಮಿದುಳು ತನಗೆ ಬೇಕಾದ ಒಂದೇ ಧ್ವನಿಯನ್ನು ಆರಿಸಿಕೊಳ್ಳುತ್ತದೆ. ಲಂಡನ್ನಿನ ಕಾಲಿನ್ ಚೆರಿ 1953ರಲ್ಲಿ ಈ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದನು. ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಒಪ್ಪಿಸುತ್ತ ಹೋಗುವಂತೆ ಹೇಳಿದರೆ, ಕೇಳುವವನಿಗೆ ಮತ್ತೊಂದು ಕಿವಿಯ ಮಾತಿನಲ್ಲಿ ಏನು ಹೇಳಿದರೆಂಬುದು ಬಹುಮಟ್ಟಿಗೆ ತಿಳಿಯುತ್ತಲೇ ಇರಲಿಲ್ಲ. ಗದ್ದಲ ಮಾತಿನ ಎರಡು ಮೂರು ಪಟ್ಟಿದ್ದರೂ, ಸಂದರ್ಭ ಗೊತ್ತಿದ್ದು ತುಟಿಗಳ ಚಲನೆ ಕಾಣುತ್ತಿದ್ದರೆ, ಒಳ್ಳೆಯ ಕಿವಿಯವರು ವಾಕ್ಯವನ್ನು ಹಿಡಿಯಬಲ್ಲರು.

ಶ್ರವಣಶಕ್ತಿ ಕುಂದಿದವರಿಗೆ ಈ ಅನುಕೂಲ ಕಡಮೆ. ಯಂತ್ರಗಳ ಸದ್ದಿನಿಂದ ಕಿವಿ ಕೆಡುವಾಗ ಸಾಮಾನ್ಯವಾಗಿ ಮೊದಲು ಕುಂದುವುದು ಸೆಕೆಂಡಿಗೆ ಸುಮಾರು 4,000 ಕಂಪನಗಳ ಆಸುಪಾಸಿನ ಉಚ್ಚ ಸ್ವರಗಳನ್ನು ಕೇಳುವ ಶಕ್ತಿ. ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಗಳು ಬಲವಾಗಿಯೂ ದೀರ್ಘವಾಗಿಯೂ ಇರುತ್ತವೆ. ಅವುಗಳ ಶಕ್ತಿ ಬಹುಪಾಲು ಕೆಳಗಿನ ಆವೃತ್ತಿಗಳಲ್ಲಿದೆ. ಕ, ತ, ಪ, ಸ ಮುಂತಾದ ವ್ಯಂಜನಗಳು ದುರ್ಬಲವಾದುವು. ಅವುಗಳನ್ನು ಒಂದರಿಂದ ಒಂದನ್ನು ಗುರುತಿಸಲು ನೆರವಾಗುವ ಭೇದಗಳು ಹೆಚ್ಚಾಗಿ ಮೇಲಿನ ಆವೃತ್ತಿಗಳಲ್ಲಿವೆ. ಆದುದರಿಂದ ಇಂಥವರಿಗೆ ಯಾರೋ ಮಾತನಾಡುತ್ತಿದ್ದಾರೆಂಬುದು ಚೆನ್ನಾಗಿ ಕೇಳಿಸುತ್ತದೆ. ಏನೆಂಬುದು ಮಾತ್ರ ತಿಳಿಯುವುದಿಲ್ಲ. “ತಾಯಿ” ಎಂಬುದಕ್ಕೂ “ಕಾಯಿ” ಎಂಬುದಕ್ಕೂ ಇರುವ ಭೇದ ಮೊದಲ ವ್ಯಂಜನದ ಒಂದು ಕ್ಷಣದ ಸಿಡಿತದಲ್ಲಿದೆ. ಆ ಕ್ಷಣವನ್ನು ಗದ್ದಲ ನುಂಗಿತು. ಉಳಿದುದನ್ನು ನಮ್ಮ ಸ್ನೇಹಿತ ಎದುರಿಗಿದ್ದ ಚಟ್ನಿಯಿಂದ ಊಹಿಸಿದನು. ಆ ಊಹೆಯಲ್ಲಿ ದಡ್ಡತನವೇನೂ ಇರಲಿಲ್ಲ. ನಮ್ಮ ಕಿವಿಗಳೂ ಅಂಥ ಊಹೆಗಳನ್ನೇ ಸದಾ ಮಾಡುತ್ತಿರುತ್ತವೆ. ಅವು ಸರಿಯಾಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಶ್ರವಣಯಂತ್ರ ಧರಿಸಿದರೂ ಗದ್ದಲದಲ್ಲಿ ಸಮಸ್ಯೆ ಪೂರ್ಣವಾಗಿ ತೀರುವುದಿಲ್ಲ. ಅದು ಮಾತಿನೊಡನೆ ಗದ್ದಲವನ್ನೂ ಹೆಚ್ಚಿಸಬಹುದು.

ಏನು ಮಾಡಬಹುದು?

ಲೆಕ್ಕದಲ್ಲಿರುವ ಮೂರು ಅಂಶಗಳೇ ಉಪಾಯಗಳನ್ನೂ ಸೂಚಿಸುತ್ತವೆ. ಹೀರಿಕೆಯನ್ನು ಹೆಚ್ಚಿಸುವುದು ಮಾಲೀಕರ ಕೈಯಲ್ಲಿದೆ. ನಮ್ಮ ಕೊಠಡಿಯ ಛಾವಣಿಗೆ, ಬಿದ್ದ ಶಬ್ದದಲ್ಲಿ ನೂರಕ್ಕೆ 60 ಭಾಗವನ್ನು ಹೀರುವ ರಂಧ್ರಮಯ ಹಲಗೆಗಳನ್ನು ಜೋಡಿಸಿದರೆ ಒಟ್ಟು ಹೀರಿಕೆ 38ರಿಂದ ಸುಮಾರು 92ಕ್ಕೆ ಏರುತ್ತದೆ. ಗೆಳೆಯರು ಅರ್ಧ ಮೀಟರಿನಷ್ಟು ಹತ್ತಿರ ಬಂದರೆ ಗದ್ದಲ ಮಾತಿನ 3 ಪಟ್ಟಿಗಿಂತಲೂ ಕಡಮೆಯಾಗುತ್ತದೆ. ಇಡೀ ದಿನ ಅಲ್ಲಿಯೇ ಇರುವ ಮಾಣಿಗಳಿಗೂ ಗಲ್ಲದ ಮೇಲೆ ಕುಳಿತವರಿಗೂ ಇದರಿಂದ ಉಪಕಾರವಾಗುತ್ತದೆ. ಗಿರಾಕಿಗಳಾದ ನಾವು ಜನ ಕಡಮೆಯಿರುವ ಹೊತ್ತನ್ನು ಆರಿಸಿಕೊಳ್ಳಬಹುದು. ಉದ್ದ ಮೇಜನ್ನು ಬಿಟ್ಟು ಚಿಕ್ಕದನ್ನು ಹಿಡಿಯಬಹುದು. ಕಿವಿ ಮಂದವಾದವರನ್ನು ಮೇಜಿನ ತುದಿಯಲ್ಲಿ ಕೂರಿಸದೆ ನಡುವೆ ಕೂರಿಸಿ, ಅವರಿಗೆ ನಮ್ಮ ಮುಖ ಕಾಣುವಂತೆ ಮಾತನಾಡಬಹುದು.

ಎಲ್ಲಕ್ಕಿಂತ ಸುಲಭವಾದ ಉಪಾಯ ಹೊರಗೆ ಹೋಗುವುದು. ಬಯಲಿನಲ್ಲಿ ಅದೇ 20 ಜನ ನಮ್ಮಿಂದ ಸರಾಸರಿ 5 ಮೀಟರ್ ದೂರದಲ್ಲಿ ನಿಂತು ಮಾತನಾಡುತ್ತಿರಲಿ. ಒಂದು ಮೀಟರ್ ದೂರದ ಗೆಳೆಯನ ಮಾತಿಗೆ ಹೋಲಿಸಿದರೆ ಅವರಲ್ಲಿ ಒಬ್ಬೊಬ್ಬರ ಧ್ವನಿ 25ರಲ್ಲಿ ಒಂದು ಭಾಗ. ಇಪ್ಪತ್ತೂ ಸೇರಿ 25ರಲ್ಲಿ 20 ಭಾಗ. ಒಳಗೆ ಮಾತಿನ 26 ಪಟ್ಟು ಇದ್ದ ಗದ್ದಲ ಇಲ್ಲಿ ಮಾತಿಗಿಂತಲೂ ಕಡಮೆ! ತಿಂಡಿ ತಿಂದವರು ಕಾಫಿಯ ಲೋಟ ಹಿಡಿದು ಹೊರಗೆ ಮರದ ಕೆಳಗೆ ನಿಂತು ಗಂಟೆಗಟ್ಟಲೆ ಮಾತನಾಡುವುದನ್ನು ಕಂಡು ನಾವು ಅದನ್ನು ಸೋಮಾರಿತನವೆಂದು ತಿಳಿದಿದ್ದೆವು. ಶಬ್ದಶಾಸ್ತ್ರದ ದೃಷ್ಟಿಯಿಂದ ಅವರು ಮಾಡುವುದೇ ಸರಿ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಬಾಗಿಲು ತೆರೆದ ಹೊಸದರಲ್ಲಿ, ಜನ ಬರುವ ಮುನ್ನ, ಮಾಲೀಕರ ಅನುಮತಿ ಪಡೆದು ಒಮ್ಮೆ ಚಪ್ಪಾಳೆ ತಟ್ಟಿ, ಮೊಳಗು ಅಡಗುವ ಕಾಲವನ್ನು ಎಣಿಸಿರಿ. ಅನಂತರ ಜನ ತುಂಬಿದಾಗ, ಎಷ್ಟು ದೂರದಿಂದ ಗೆಳೆಯನು ಹೇಳಿದ ಹತ್ತು ಬಿಡಿ ಪದಗಳಲ್ಲಿ ಎಂಟನ್ನು ಸರಿಯಾಗಿ ಬರೆಯಬಲ್ಲಿರೆಂದು ನೋಡಿರಿ. ಅದನ್ನೇ ಹೊರಗೆ ನಿಂತು ಮಾಡಿ ಹೋಲಿಸಿರಿ.

ಲೆಕ್ಕ ಮುಗಿದಮೇಲೆ ನಾವು ಆ ಸ್ನೇಹಿತನ ಮನೆಗೆ ಹೋಗಿ, ಕಾಗದವನ್ನು ಅವನ ಮುಂದಿಟ್ಟು, ತಪ್ಪು ನಿನ್ನ ಕಿವಿಯದು ಮಾತ್ರವಲ್ಲ, ಕೊಠಡಿಯದೂ ನಮ್ಮದೂ ಹೌದು ಎಂದು ಹೇಳಿದೆವು. ಅವನು ಅಂಕಿಗಳನ್ನು ಒಂದೊಂದಾಗಿ ನೋಡಿ, ಯಂತ್ರಾಗಾರದವನಿಗೆ ಸಹಜವಾಗಿ, ಒಂದು ಗುಣಾಕಾರವನ್ನು ತಾನೇ ಮತ್ತೆ ಮಾಡಿ ಸರಿಯಿದೆಯೆಂದನು. ಈಗ ನಾವು ಏಳು ಗಂಟೆಗೇ ಸೇರುತ್ತೇವೆ. ತಿಂಡಿ ಒಳಗೆ, ಕಾಫಿ ಹೊರಗೆ ಹೊಂಗೆಮರದ ಕೆಳಗೆ. ಮೊದಲನೆಯ ದಿನ ಅಲ್ಲಿ ಮತ್ತೆ “ತಾಯಿ ಹೇಗಿದ್ದಾರೆ?” ಎಂದು ಕೇಳಿದೆವು. ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು, ಬಹಳ ಹೊತ್ತು ಹೇಳಿದನು.