ಉತ್ತೇಜಕ ಪದಾರ್ಥಗಳು ಮತ್ತು ದುಡಿಯುವ ಶರೀರ

ಉತ್ತೇಜಕವೆಂದೊಡನೆ ವಿದ್ಯಾವಂತರ ಲಕ್ಷ್ಯವು ಕೊಕೇನ್, ಆಂಫೆಟಮಿನ್ ಮೊದಲಾದ ದೂರದ ನಗರಗಳ ಪದಾರ್ಥಗಳತ್ತ ಹರಿಯುವುದು ಸಹಜ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ, ಕೊಂಕಲ್ಲಿನಂತಹ ಗ್ರಾಮಗಳಲ್ಲಿ, ಅದು ಅಂಗಿಯ ಕಿಸೆಯಲ್ಲಿಯೂ ಎಲೆಯಡಿಕೆಯ ಸಂಚಿಯಲ್ಲಿಯೂ ಇರುತ್ತದೆ. ತಂಬಾಕಿನ ನಿಕೋಟಿನ್, ಅಡಿಕೆಯ ಅರೆಕೋಲಿನ್ ಎರಡೂ ಉತ್ತೇಜಕಗಳೇ. ಹತ್ತಿ ಬಿಡಿಸುವವರು, ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು ಇವುಗಳನ್ನು ಮೋಜಿಗಿಂತ ಹೆಚ್ಚಾಗಿ ಹಸಿವು ಮರೆಯಲೆಂದು, ದಣಿವು ತಡೆಯಲೆಂದು ಸೇವಿಸುತ್ತಾರೆ. ಇದನ್ನು ಕಡೆಗಣಿಸಿದ ಉಪದೇಶವು ಫಲಿಸದು.

ತಂಬಾಕಿಗೆ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕುವುದರ ಹಿಂದೆ ಒಂದು ರಸಾಯನಶಾಸ್ತ್ರವಿದೆ. ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟಿ ರಕ್ತಕ್ಕೆ ಸೇರುತ್ತದೆ. ಮಿದುಳನ್ನು ಮುಟ್ಟಿದ ನಿಕೋಟಿನ್ ಡೋಪಮಿನ್ ಎಂಬ ಸ್ರಾವವನ್ನು ಹೆಚ್ಚಿಸುತ್ತದೆ. ಅಡ್ರಿನಲಿನ್ ಏರಿ ಹೃದಯದ ಬಡಿತವೂ ರಕ್ತದೊತ್ತಡವೂ ಹೆಚ್ಚುತ್ತವೆ, ಹಸಿವು ಅಡಗುತ್ತದೆ. ಶರೀರಕ್ಕೆ ಆಹಾರವಾಗಲಿ ವಿಶ್ರಾಂತಿಯಾಗಲಿ ದೊರೆತಿರುವುದಿಲ್ಲ. ಅವುಗಳ ಕೊರತೆ ಅರಿವಿಗೆ ಬಾರದಂತಾಗಿರುತ್ತದೆ, ಅಷ್ಟೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುವುದರಿಂದ ಕೈ ಮತ್ತೆ ಕಿಸೆಗೆ ಹೋಗುತ್ತದೆ.

ಅಡಿಕೆ ನಿರಪಾಯಕಾರಿಯೆಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರಿದ ಎಲೆಯಡಿಕೆಯನ್ನು 1985ರಲ್ಲಿ, ಬರಿಯ ಅಡಿಕೆಯನ್ನೂ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಅಡಿಕೆಯ ಸತತ ಸೇವನೆಯಿಂದ ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುತ್ತದೆ. ಬಾಯಿ ತೆರೆಯಲಾಗದೆ ರೊಟ್ಟಿಯ ತುತ್ತೂ ಕಷ್ಟವಾಗುತ್ತದೆ. ಹಾಗೆ ಬಿಗಿದ ಪೊರೆ ಮತ್ತೆ ಮೊದಲಿನಂತಾಗುವುದಿಲ್ಲ.

ಕರ್ನಾಟಕವು 2013ರಲ್ಲಿ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರತೊಡಗಿದರು. ಬೆರೆಸುವ ಕೆಲಸ ಗಿರಾಕಿಯದಾಯಿತು! 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಇಳಕಲ್ಲಿನ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಹತ್ತು ಜನರೆದುರು ಮಾಡಿದ ಸಂಕಲ್ಪಕ್ಕೆ ಬಲವುಂಟು. ಆದರೆ ಸಂಕಲ್ಪ ಮುರಿದವನನ್ನು ಹೀಯಾಳಿಸಿದರೆ ಅವನು ಚಟವನ್ನು ಬಚ್ಚಿಡುತ್ತಾನೆ, ಬಾಯಿಯ ಹುಣ್ಣನ್ನೂ ಬಚ್ಚಿಡುತ್ತಾನೆ. ಬಿಟ್ಟ ಮೊದಲ ಮೂರು ದಿನ ಸಿಡುಕು, ತಲೆನೋವು, ನಿದ್ರಾಭಂಗಗಳು ತೀವ್ರ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಇದು ರೋಗಲಕ್ಷಣವೇ ಹೊರತು ಶೀಲದ ಕೊರತೆಯಲ್ಲ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು.

ಒಮ್ಮೆಲೇ ಬಿಡಲಾರದವರು ತಂಬಾಕನ್ನು ಕೆನ್ನೆಯಲ್ಲಿಟ್ಟು ಮಲಗುವುದನ್ನಾದರೂ ಮೊದಲು ನಿಲ್ಲಿಸಬೇಕು; ಹೊತ್ತಿಗೆ ಸರಿಯಾಗಿ ಉಣ್ಣಬೇಕು, ದಿನದ ಲೆಕ್ಕ ಇಳಿಸುತ್ತ ಬಿಡುವ ದಿನವೊಂದನ್ನು ಗೊತ್ತುಮಾಡಿಕೊಳ್ಳಬೇಕು. ನಿರಪಾಯದ ಪ್ರಮಾಣವೆಂಬುದು ಇಲ್ಲವಾದ ಕಾರಣ ಇದು ದಾರಿಯೇ ಹೊರತು ಗುರಿಯಲ್ಲ.

ಶಿಕ್ಷಕರು ಗಮನಿಸಬೇಕಾದುದು ಅಲ್ಪ: ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸದ ಬಾಲಕ, ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು. ಇವು ಕಂಡರೆ ದಂತವೈದ್ಯರಲ್ಲಿಗೆ ಕಳಿಸಬೇಕು. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ತಂಬಾಕು ಬಿಡಲಿಚ್ಛಿಸುವವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯು ಉಚಿತವಾಗಿ ಸಲಹೆ ನೀಡುತ್ತದೆ.