ಮಾದರಿಯನ್ನು ಒಪ್ಪಿಸುವ ಮುನ್ನ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಉಕ್ಕು, ಬೋಲ್ಟುಗಳ ಮಾತೇಕೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಆದರೆ ನಾನು ಹೇಳಹೊರಟಿರುವುದು ಒಬ್ಬರು ಬರೆದುದನ್ನು ಇನ್ನೊಬ್ಬರಿಗೆ ಅರ್ಥ ಕೆಡದಂತೆ ದಾಟಿಸುವ ವಿಚಾರ. ಅದು ನಮ್ಮ ವ್ಯಾಸಂಗಕ್ಕೆ ತೀರ ಹೊರಗಿನದೇನಲ್ಲ.

ನಮ್ಮ ನಗರಗೆರೆಯ ಮನೆಯೊಂದರ ಗೋಡೆಗೆ, ೧೦೦ ಲೀಟರಿನ ನೀರಿನ ತೊಟ್ಟಿಯನ್ನು ಹೊರಲು, ಉಕ್ಕಿನ ಬ್ರಾಕೆಟ್ಟೊಂದನ್ನು ಕೂರಿಸಬೇಕೆಂದು ಭಾವಿಸೋಣ. ಕಮ್ಮಾರನು ಅಂದಾಜಿನ ಮೇಲೆ ದಪ್ಪನೆಯದನ್ನೇ ಬಡಿದುಕೊಡುತ್ತಾನೆ; ಇಷ್ಟು ಸಣ್ಣ ಕೆಲಸಕ್ಕೆ ಅದೇ ಸರಿ. ಆದರೆ ಬೆಂಗಳೂರಿನಲ್ಲಿ ರೂಪುಗೊಂಡು ೨೦೦೧ರ ಜನವರಿ ೪ರಂದು ಮೊದಲು ಹಾರಿದ ತೇಜಸ್‌ನಂತಹ ವಿಮಾನದಲ್ಲಿ ಬೇಡದ ಒಂದೊಂದು ಕಿಲೋ ತೂಕವೂ ಭಾರವೇ. ಎಲ್ಲಿ ಲೋಹ ಬೇಕು, ಎಲ್ಲಿ ಬೇಡವೆಂಬುದನ್ನು ಗಣಕಯಂತ್ರದಿಂದಲೇ ಲೆಕ್ಕಹಾಕಿಸುವ ವಿದ್ಯೆ ಬೆಳೆದಿರುವುದು ಇದಕ್ಕಾಗಿ. ೧೯೮೮ರಲ್ಲಿ ಬೆಂಡ್ಸೋ ಮತ್ತು ಕಿಕುಚಿ ಎಂಬ ವಿದ್ವಾಂಸರು ಪ್ರಕಟಿಸಿದ ಲೇಖನ ಈ ವಿದ್ಯೆಯ ಮುಖ್ಯ ತಳಹದಿಗಳಲ್ಲೊಂದು.

ವಸ್ತುವನ್ನು ಸಾವಿರಾರು ತುಂಡುಗಳಾಗಿ ಭಾವಿಸಿ, ಅವು ಕೂಡುವ ಗಂಟುಗಳ ಮೂಲಕ ಬಲದ ಲೆಕ್ಕ ಮಾಡುವುದೇ ಫೈನೈಟ್ ಎಲಿಮೆಂಟ್ ಪದ್ಧತಿ. ಈ ಹೆಸರನ್ನು ೧೯೬೦ರಲ್ಲಿ ಕ್ಲಫ್ ಬಳಕೆಗೆ ತಂದರು. ಒಂದು ತಂತ್ರಾಂಶದಲ್ಲಿ ಹೀಗೆ ಕಟ್ಟಿದ ಮಾದರಿಯನ್ನು ಆಕಾರ ತಿದ್ದುವ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸುವಾಗಲೇ ತೊಡಕು.

ಮೊದಲನೆಯದು ಅಳತೆಯ ತೊಡಕು. ನಾಸ್ಟ್ರಾನ್ ರೂಢಿಯ ಕಡತದಲ್ಲಿ ಬರಿಯ ಸಂಖ್ಯೆಯಿರುತ್ತದೆಯೇ ಹೊರತು ಅದು ಮೀಟರೋ ಮಿಲಿಮೀಟರೋ ಎಂದಿರುವುದಿಲ್ಲ. ಉಕ್ಕಿನ ಸಾಂದ್ರತೆ ಘನಮೀಟರಿಗೆ ೭೮೫೦ ಕಿಲೋಗ್ರಾಂ. ಉದ್ದವನ್ನು ಮಿಲಿಮೀಟರಿನಲ್ಲಿಯೂ ಬಲವನ್ನು ನ್ಯೂಟನ್ನಿನಲ್ಲಿಯೂ ಇಟ್ಟರೆ ದ್ರವ್ಯರಾಶಿಯನ್ನು ಟನ್ನಿನಲ್ಲಿ ಹೇಳಬೇಕು; ಆಗ ಸಾಂದ್ರತೆ ೦.೦೦೦೦೦೦೦೦೭೮೫. ಪಂಚ್ ಕಾರ್ಡಿನ ಕಾಲದಿಂದ ಉಳಿದುಬಂದ ೮ ಅಕ್ಷರಗಳ ಮನೆಯಲ್ಲಿ ಇದು ಹಿಡಿಯದೆಂದು ೭.೮೫-೯ ಎಂದು ಬರೆಯುತ್ತಾರೆ. ಕಳೆಯುವ ಲೆಕ್ಕದಂತೆ ಕಂಡರೂ ಅದು ಹತ್ತರ ಘಾತ! ಹಳೆಯ ೭೮೫೦ ಅನ್ನೇ ಬಿಟ್ಟರೆ ಬ್ರಾಕೆಟ್ಟಿನ ತೂಕ ಲಕ್ಷ ಕೋಟಿ ಪಟ್ಟಾಗುತ್ತದೆ.

ಎರಡನೆಯದು ಹೆಚ್ಚು ಮೋಸದ್ದು. ಎರಡು ತುಂಡುಗಳ ಗಂಟುಗಳು ಒಂದೇ ಜಾಗದಲ್ಲಿದ್ದೂ ಒಂದಾಗದೆ ಉಳಿದಿರಬಹುದು. ಕಣ್ಣಿಗೆ ಅಖಂಡ, ಲೆಕ್ಕಕ್ಕೆ ಬಿರುಕು. ಸಾಮಾನ್ಯ ವಿಶ್ಲೇಷಣೆಯಲ್ಲಿ ಇಂತಹ ದೋಷ ವಿಚಿತ್ರವಾದೊಂದು ಅಂಕಿಯಾಗಿ ಹೊರಬೀಳುತ್ತದೆ, ಅನುಭವಿಯಾದವನು ಅನುಮಾನಿಸುತ್ತಾನೆ. ಆಕಾರ ತಿದ್ದುವಲ್ಲಾದರೋ ದೋಷವೇ ಆಕಾರವಾಗಿಬಿಡುತ್ತದೆ. ಬಿರುಕನ್ನು ದಾಟಿ ಬಲ ಹರಿಯದು. ಬಲ ಹರಿಯದ ಲೋಹ ವ್ಯರ್ಥವೆಂದು ಯಂತ್ರವು ನಿಜಕ್ಕೂ ಬೇಕಾದ ಕಾಲನ್ನೇ ಕತ್ತರಿಸಿ, ನೋಡಲು ಸೊಗಸಾದ ಬ್ರಾಕೆಟ್ಟನ್ನು ಮುಂದಿಡುತ್ತದೆ. ಈ ಸೊಗಸಿಗೆ ಮರುಳಾಗುವುದು ಬಹು ಸುಲಭ.

ಬೋಲ್ಟಿನ ರಂಧ್ರದ ಸುತ್ತಣ ಬಳೆ, ತೊಟ್ಟಿ ಕೂರುವ ಹಲಗೆ, ಇವನ್ನು ಯಂತ್ರ ಮುಟ್ಟಬಾರದು. ಅವಕ್ಕೆ ಬೇರೆ ಗುಣಸಂಖ್ಯೆ ಕೊಟ್ಟು ಮೊದಲೇ ಪ್ರತ್ಯೇಕಿಸಿರಬೇಕು. ಭಾರಗಳ ವಿಷಯವೂ ಹಾಗೆಯೇ. ತುಂಬಿದ ತೊಟ್ಟಿಯ ಭಾರವನ್ನಷ್ಟೇ ಹೇಳಿ, ಯಾರಾದರೂ ಏಣಿ ಒರಗಿಸಿದಾಗಿನ ಪಕ್ಕದ ನೂಕನ್ನು ಹೇಳದಿದ್ದರೆ, ಆ ನೂಕನ್ನು ತಡೆಯುವ ಲೋಹವನ್ನು ಯಂತ್ರ ಉಳಿಸುವುದಿಲ್ಲ. ಹೇಳದ ಮಾತನ್ನು ಊಹಿಸಿಕೊಳ್ಳುವ ಸೌಜನ್ಯ ಅದಕ್ಕಿಲ್ಲ.

ಆದಕಾರಣ, ಹೊಸ ತಂತ್ರಾಂಶಕ್ಕೆ ಮಾದರಿ ಬಂದೊಡನೆ ಆಕಾರ ತಿದ್ದಲು ಕೂರದೆ, ಒಮ್ಮೆ ಸಾದಾ ಲೆಕ್ಕವನ್ನೇ ಮಾಡಿಸಿ ತೂಕ, ಪ್ರತಿಬಲ, ಬಾಗುಗಳನ್ನು ಹಳೆಯದರೊಡನೆ ತಾಳೆ ನೋಡುವುದು ವಿಹಿತವೆಂದು ನನ್ನ ಅಭಿಪ್ರಾಯ. ೧೦೦ ಲೀಟರ್ ನೀರಿನ ಭಾರ ಸುಮಾರು ೯೮೧ ನ್ಯೂಟನ್; ತೊಟ್ಟಿ, ಬ್ರಾಕೆಟ್ಟುಗಳ ತೂಕ ಬಿಟ್ಟು, ಗೋಡೆಯ ಬೋಲ್ಟುಗಳಲ್ಲಿನ ಮೇಲ್ಮುಖ ಪ್ರತಿಬಲಗಳ ಮೊತ್ತ ಅಷ್ಟೇ ಬರಬೇಕು. ಬಂದರೂ ಸಾಲದು. ಬಿರುಕು ಮೂಲದಲ್ಲಿಯೇ ಇದ್ದರೆ ಎರಡು ಲೆಕ್ಕಗಳೂ ಒಂದೇ ಸುಳ್ಳನ್ನು ಹೇಳಿ ತಾಳೆಯಾಗುತ್ತವೆ. ಬಾಗಿದ ರೂಪವನ್ನು ನೂರು ಪಟ್ಟು ಹಿಗ್ಗಿಸಿ ತೆರೆಯ ಮೇಲೆ ನೋಡಬೇಕು. ಆಗ ಕೂಡದ ಗಂಟುಗಳು ಹೊಲಿಗೆ ಬಿಟ್ಟ ಚೀಲದಂತೆ ಬಾಯಿ ತೆರೆದು ನಿಲ್ಲುತ್ತವೆ.